ನಮ್ಮಾಕಿ ಗುಡ್ಡ

ತೊಂಡಿಗೇರಿಯ ಪಡುವಣಕ್ಕೆ ಜೋಳದ ಹೊಲಗಳು ಮುಗಿಯುವಲ್ಲಿ ಕೆಂಗಲ್ಲಿನ ಗುಡ್ಡವೊಂದು ಒಂಟಿಯಾಗಿ ನಿಂತಿದೆ. ಗುಡಿಯಿಲ್ಲ, ಕೋಟೆಯಿಲ್ಲ, ಬಂಡೆಗಳ ಸಂದಿನಲ್ಲಿ ಕಳ್ಳಿ, ಮೇಲೆ ಹದ್ದುಗಳು. ಊರವರು ಇದನ್ನು ನಮ್ಮಾಕಿ ಗುಡ್ಡ ಎನ್ನುತ್ತಾರೆ. ‘ಯಾರಾಕಿ?’ ಎಂದು ಕೇಳಿದರೆ ಹಿರಿಯರು ಕೈಯಲ್ಲಿದ್ದ ಕೆಲಸ ಬಿಟ್ಟು ಕೂತು ಹೇಳುವ ಕಥೆ ಇದು.

ಹಿಂದೆ ಒಮ್ಮೆ, ಉಪ್ಪು ಹೇರಿಕೊಂಡು ಎತ್ತುಗಳ ಹಿಂಡು ಈ ದಾರಿಯಲ್ಲಿ ಹೋಗುತ್ತಿದ್ದ ಕಾಲದಲ್ಲಿ, ಜ್ವರದಿಂದ ಮೈಮರೆತ ಹೆಂಗಸೊಬ್ಬಳು ಗುಡ್ಡದ ಬುಡದಲ್ಲಿ ಬಿದ್ದಿದ್ದಳಂತೆ. ಗಾಳೆವ್ವ ಎಂಬ ಮುದುಕಿ ಅವಳನ್ನು ತನ್ನ ಗುಡಿಸಲಿಗೆ ತಂದು ಗಂಜಿ ಕುಡಿಸಿ ಬದುಕಿಸಿದಳು. ಜ್ವರ ಇಳಿಯಿತು. ಆದರೆ ಅದು ಹೋಗುವಾಗ ಅವಳ ಹೆಸರು, ತವರು, ಕುಲ ಎಲ್ಲವನ್ನೂ ಕೊಂಡೊಯ್ದಿತ್ತು. ಆ ದಿನಗಳಲ್ಲಿ ದನಗಳ್ಳರ ಕಾಟ ಜೋರಾಗಿತ್ತು. ಕೊಳ್ಳೆಗೆ ಮುನ್ನ ಹೆಂಗಸರನ್ನು ಬೇಹಿಗೆ ಕಳಿಸುತ್ತಾರೆಂಬ ಮಾತೂ ಇತ್ತು. ಊರಗೌಡ ದ್ಯಾಮನಗೌಡ ಕೆಟ್ಟವನಲ್ಲ, ಆದರೆ ಊರಿನ ಭಯವೆಲ್ಲ ಅವನ ತಲೆಯ ಮೇಲಿತ್ತು. ಜನರನ್ನು ಸೇರಿಸಿ ಅವಳನ್ನು ಕರೆಸಿದ.

“ನೀ ಯಾರಾಕಿ? ಅದನ್ನ ಹೇಳು, ಇಲ್ಲಾ ಊರ ಗಡಿ ದಾಟು.”

“ಗೊತ್ತಿದ್ರ ಹೇಳತಿದ್ದೆ, ಗೌಡ್ರ,” ಎಂದಳು ಅವಳು.

“ಗಡಿ ಆಚೆ ಬರೇ ಬಯಲು ಐತಿ. ಇನ್ನೂ ನೆಟ್ಟಗ ನಿಲ್ಲಾಕ ಬರಾಂಗಿಲ್ಲ ಆಕಿಗೆ, ಸಾಯತಾಳ!” ಎಂದು ಗಾಳೆವ್ವ ಕೂಗಾಡಿದಳು. ಗೌಡ ಮುಖ ತಿರುಗಿಸಿದ.

ಹೆಂಗಸು ಹೊರಟಳು. ಗಡಿಯ ಕಡೆಗಲ್ಲ, ಗುಡ್ಡದ ಕಡೆಗೆ. ಬಂಡೆ ಹಿಡಿದು, ಕೂತು, ಎದ್ದು, ನೆತ್ತಿಗೇರಿದಳು. ಜನ ಕೆಳಗೆ ನಿಂತು ನೋಡುತ್ತಿದ್ದರು. ಅವಳು ಎದೆ ಬಿರಿಯುವಂತೆ ಕೂಗಿದಳು: “ನಾ ಯಾರಾಕಿ?”

ಕೂಗು ಮರಳಿ ಬರಬೇಕಿತ್ತು. ಬರಲಿಲ್ಲ. ಹೊಲದ ಹಕ್ಕಿಗಳು ಸುಮ್ಮನಾದವು. ಆಮೇಲೆ ಬುಡದಿಂದ ನೆತ್ತಿಯವರೆಗೆ ಕಲ್ಲು ನಡುಗಿತು, ತಾಯಿಯ ದನಿಯಂಥ ದಪ್ಪ ದನಿಯೊಂದು ಊರೆಲ್ಲ ಕೇಳುವಂತೆ ಹೇಳಿತು:

“ನಮ್ಮಾಕಿ.”

ಜನ ನಿಂತಲ್ಲೇ ನೆಲಕ್ಕೆ ಹಣೆ ಹಚ್ಚಿದರು. ಗೌಡನೊಬ್ಬನೇ ನಂಬಲಿಲ್ಲ. ಇದು ಕಳ್ಳರ ಮಾಟವೆಂದು ಬೈಯುತ್ತ ತಾನೂ ಗುಡ್ಡ ಹತ್ತಿದ. ಅವನ ಮುತ್ತಜ್ಜನ ಮುತ್ತಜ್ಜ ಕಟ್ಟಿದ ಊರು ಕಾಲಡಿಯಲ್ಲಿ ಕಾಣುತ್ತಿತ್ತು. “ನಾ ಯಾರಂವಾ?” ಎಂದು ಗರ್ಜಿಸಿದ. ಗುಡ್ಡ ಸುಮ್ಮನಿತ್ತು. ಮತ್ತೆ ಕೂಗಿದ. ಅವನ ದನಿ ಬಾಯಿಂದ ಹೊರಟದ್ದು ಅವನ ಕಿವಿಗೂ ಕೇಳಲಿಲ್ಲ. ಮುಂಡಾಸು ಜಾರಿತು. ಆ ದೊಡ್ಡ ಮನುಷ್ಯ ಜಾತ್ರೆಯಲ್ಲಿ ಕೈ ತಪ್ಪಿದ ಮಗುವಿನಂತೆ ಬಂಡೆಯ ಮೇಲೆ ಕುಸಿದು ಅತ್ತ. ಅಳುವಿಗೂ ಸದ್ದಿರಲಿಲ್ಲ.

ಅವಳು ಅವನ ಬಳಿ ಬಂದು ಕೂತಳು. ಸೆರಗಿನಿಂದ ಅವನ ಮುಖ ಒರೆಸಿ, ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಗುಡ್ಡಕ್ಕೆ ಹೇಳಿದಳು: “ಇವರೂ ನಮ್ಮವರ.”

ಕಲ್ಲು ಮತ್ತೆ ನಡುಗಿತು. “ನಮ್ಮವರ... ನಮ್ಮವರ...” ಎನ್ನುತ್ತ ದನಿ ಹೊಲ ದಾಟಿ, ಹಳ್ಳ ದಾಟಿ ಹೋಯಿತಂತೆ. ಗೌಡನಿಗೆ ದನಿ ಮರಳಿತು. ಅವನಾಡಿದ ಮೊದಲ ಮಾತು, “ಯವ್ವಾ, ಮನಿಗೆ ನಡಿ.”

ಅವಳು ಊರಲ್ಲೇ ಬಾಳಿ ಊರಲ್ಲೇ ಮಣ್ಣಾದಳು. ಬೇರೆ ಹೆಸರು ಅವಳಿಗೆ ಯಾರೂ ಇಡಲಿಲ್ಲ. ಇಂದಿಗೂ ಗುಡ್ಡದ ನೆತ್ತಿಯಲ್ಲಿ ಒಂದು ಕಲ್ಲಿದೆ. ಕೈ ಕೈ ಹಿಡಿದು ಕೂತ ಇಬ್ಬರನ್ನು ಅದರಲ್ಲಿ ಕಡೆದಿದ್ದಾರೆ. ಮಳೆಗಾಳಿಗೆ ಮುಖ, ಉಡುಗೆ ಎಲ್ಲ ಸವೆದುಹೋಗಿ, ಗೌಡನಾರು, ದಿಕ್ಕಿಲ್ಲದೆ ಬಂದವಳಾರು ಎಂದು ಹೇಳಲು ಈಗ ಯಾರಿಗೂ ಆಗುವುದಿಲ್ಲ.