ಕೋಟೆಯೊಳಗಿನ ಗರಿಕೆ

"ಗುರುಗಳೇ, ನಾನು ತಗ್ಗಿದರೆ ನನ್ನನ್ನು ನಂಬಿದವರು ಏನೆಂದುಕೊಳ್ಳುತ್ತಾರೆ?" ಎಂದು ಶಂಭುಲಿಂಗ ಕೇಳಿದ.

ಅವನು ಹೆಂಡತಿ ಮಕ್ಕಳಿದ್ದ ಶಿಷ್ಯ. ತಂದೆ ತೀರಿಕೊಂಡ ಮೇಲೆ ತಮ್ಮನೊಡನೆ ಜಗಳವಾಡಿ ಮಾತು ಬಿಟ್ಟಿದ್ದ. ಮನೆಯ ನಡುವೆ ಗೋಡೆ ಎದ್ದಿತ್ತು. "ತಮ್ಮನ ಬಾಗಿಲಿಗೆ ಹೋಗಿ, ಆದದ್ದಾಯಿತು ಬಾರೋ ಎನ್ನಲು ನನಗೂ ಮನಸ್ಸಿದೆ. ಆದರೆ ನನ್ನ ಮನೆಯವರೆಲ್ಲ ಬಗ್ಗಬೇಡಿ ಅನ್ನುತ್ತಾರೆ. ಅವರ ಮುಖಕ್ಕೆ ಮಸಿ ಬಳಿಯಲೇ?"

ಗುರುಗಳು ನಕ್ಕರು. "ಕೂತುಕೋ. ನಿನ್ನಂಥವನೇ ಒಬ್ಬ ದಳವಾಯಿ ಇದ್ದ," ಎಂದು ಶುರುಮಾಡಿದರು.

ಒಂದು ರಾಜ್ಯದಲ್ಲಿ ರಾಜ ಸತ್ತ. ಇಬ್ಬರು ಮಕ್ಕಳು ಪಟ್ಟಕ್ಕಾಗಿ ಕಚ್ಚಾಡಿದರು. ಸೈನ್ಯವೂ ಎರಡಾಯಿತು. ನಿನ್ನೆಯವರೆಗೆ ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು ಒಬ್ಬರ ಮೇಲೊಬ್ಬರು ಕತ್ತಿ ಹಿರಿದರು. ಹಿರಿಯವನ ಕಡೆಯ ದಳವಾಯಿ ಬೆಟ್ಟದ ಕೋಟೆ ಹಿಡಿದು ಕೂತ. ಕಿರಿಯವನ ದಳವಾಯಿ ಬಂದು ಮುತ್ತಿಗೆ ಹಾಕಿದ. ಅವನೇನು ಬೇರೆಯವನೇ? ಇವನ ಸ್ವಂತ ಅಕ್ಕನ ಗಂಡ! ಅಣ್ಣತಮ್ಮಂದಿರ ಜಗಳವೆಂದರೆ ಹಾಗೆಯೇ, ಊರಿನವರನ್ನೆಲ್ಲ ಎಳೆದುಕೊಳ್ಳುತ್ತದೆ.

ಬೇಸಿಗೆ ಬಂದು ಕೋಟೆಯ ಬಾವಿ ಬತ್ತತೊಡಗಿತು. ಕೋಟೆಯ ಕಣಜ ಬರಿದಾಯಿತು. ಸೈನಿಕರ ಗಂಜಿ ತೆಳ್ಳಗಾಗುತ್ತಾ ಹೋಗಿ ಕೊನೆಗೆ ಬಿಸಿನೀರೇ ಆಯಿತು. ಕುದುರೆಗಳು ಅಂಗಳದ ಹುಲ್ಲನ್ನು ಬೇರುಸಮೇತ ತಿಂದು, ಆಮೇಲೆ ಚಾವಣಿಯ ಹುಲ್ಲನ್ನೂ ಎಳೆದು ತಿಂದವು. ಹಿರಿಯ ಅರಸುಮಗ ಗಡಿ ದಾಟಿ ಓಡಿಹೋದನೆಂಬ ಸುದ್ದಿಯೂ ಬಂತು. ಇನ್ನು ಯಾರಿಗಾಗಿ ಈ ಕೋಟೆ ಕಾಯುವುದು ಎಂದು ದಳವಾಯಿಗೇ ತಿಳಿಯದಾಯಿತು.

ಆದರೂ ಅವನು ದಿನಾ ಸಂಜೆ ಕೋಟೆಯೊಳಗೆ ಒಂದು ಸುತ್ತು ಬರುತ್ತಿದ್ದ. "ಏನ್ರಪ್ಪಾ, ಕೋಟೆ ಬಿಟ್ಟುಕೊಡೋಣವೋ?" ಎಂದು ಗುಡುಗುತ್ತಿದ್ದ.

"ಪ್ರಾಣ ಹೋದರೂ ಇಲ್ಲ, ಒಡೆಯಾ!" ಎಂದು ಸೈನಿಕರು ಗೋಡೆ ಹಿಡಿದು ನಿಂತು ಕೂಗುತ್ತಿದ್ದರು.

ಆ ಕೂಗು ಕೇಳಿ ಅವನಿಗೆ ಹೆಮ್ಮೆಯಾಗುತ್ತಿತ್ತು. ಇಂಥ ಹುಲಿಗಳ ಮುಂದೆ ಶರಣಾಗೋಣ ಎಂದು ಯಾವ ಬಾಯಲ್ಲಿ ಹೇಳಲಿ? ನನ್ನನ್ನು ಹೇಡಿ ಎನ್ನುವುದಿಲ್ಲವೇ? ಹೀಗೆ ಅಂದುಕೊಂಡು ಅವನು ಮೀಸೆ ತಿರುವಿ ಸುಮ್ಮನಾಗುತ್ತಿದ್ದ.

ಒಂದು ಬೆಳಿಗ್ಗೆ ಕಹಳೆಯವನು ಕಹಳೆ ಎತ್ತಿದ. ಊದಲು ಉಸಿರು ಸಾಲಲಿಲ್ಲ. ಕಹಳೆಯನ್ನು ಮೆಲ್ಲಗೆ ಕೆಳಗಿಟ್ಟು, ಕೂತಲ್ಲೇ ಸತ್ತ. ದಳವಾಯಿ ಅವನ ಕಣ್ಣು ಮುಚ್ಚಿದ. "ಸಾಕು. ಇವರು ನನ್ನ ಮುಖಕ್ಕೆ ಉಗಿಯುವುದಾದರೆ ಬದುಕಿದ್ದು ಉಗಿಯಲಿ," ಅಂದುಕೊಂಡ.

ಆಗಿನ ಪದ್ಧತಿ ಹೀಗಿತ್ತು. ಶರಣಾಗುವವನು ಬಾಯಲ್ಲಿ ಹುಲ್ಲುಕಡ್ಡಿ ಕಚ್ಚಿಕೊಂಡು ಹೋಗಬೇಕು. ನಾನು ಹಸು, ನನ್ನನ್ನು ಕಡಿಯಬೇಡಿ ಎಂದು ಅದರ ಅರ್ಥ. ಹುಲ್ಲಿಲ್ಲದೆ ಬಾಗಿಲು ದಾಟಿ ಬಂದವನ ಮೇಲೆ ಬಾಣ ಬಿಟ್ಟರೆ ಬಿಟ್ಟವನ ತಪ್ಪಲ್ಲ. ಆದರೆ ಆ ಕೋಟೆಯಲ್ಲಿ ಹುಲ್ಲೆಲ್ಲಿಯದು?

ದಳವಾಯಿ ಹುಡುಕುತ್ತಾ ಹೊರಟ. ಸೊಂಟದಲ್ಲಿ ಕತ್ತಿ, ಮುಖದಲ್ಲಿ ಗಿರಿಜಾ ಮೀಸೆ, ಹುಡುಕುವುದು ಮಾತ್ರ ಒಂದು ಹುಲ್ಲುಕಡ್ಡಿ! ಯಾರಾದರೂ ಎದುರಾದರೆ ಗೋಡೆ ಗಟ್ಟಿಯಿದೆಯೋ ಎಂದು ತಟ್ಟಿ ನೋಡುವವನಂತೆ ನಟಿಸಿದ. ಹೀಗೆ ತಟ್ಟುತ್ತಾ ತಟ್ಟುತ್ತಾ ಮದ್ದಿನ ಮನೆಯ ಹಿಂದೆ ಬಂದ. ಅಲ್ಲಿ ಬೊಮ್ಮಯ್ಯನೆಂಬ ಮುದಿ ಸೈನಿಕ ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ನೀರು ಹನಿಸುತ್ತಿದ್ದ. ಮುರಿದ ಈಟಿಗಳ ಬೇಲಿಯೊಳಗೆ ಅಂಗೈಯಗಲದ ಗರಿಕೆ ಹಸಿರಾಗಿ ನಿಂತಿತ್ತು.

"ಏನೋ ಇದು? ಕುಡಿಯಲು ನೀರಿಲ್ಲ, ನೀನು ತೋಟ ಮಾಡುತ್ತಿದ್ದೀಯಾ?"

ಬೊಮ್ಮಯ್ಯ ಎದ್ದು ನಿಂತು ಚೊಂಬನ್ನು ಬೆನ್ನ ಹಿಂದೆ ಮರೆಮಾಡಿದ. "ತಪ್ಪಾಯಿತು, ಒಡೆಯಾ. ನನ್ನೊಬ್ಬನದಲ್ಲ, ಎಲ್ಲರೂ ನಮ್ಮ ನಮ್ಮ ಪಾಲಿನ ನೀರಿನಲ್ಲಿ ಒಂದೊಂದು ಗುಟುಕು ಬಿಟ್ಟು ಬೆಳೆಸಿದ್ದೇವೆ."

"ಯಾಕೆ? ಕುದುರೆಗಳಿಗೋ?"

"ಅಯ್ಯೋ, ಕುದುರೆಗಳಿಂದ ಇದನ್ನು ಕಾಯುವುದೇ ದೊಡ್ಡ ಕೆಲಸವಾಗಿದೆ. ಇದು ತಮಗೆ. ಎಂದಾದರೂ ತಮಗೆ ಮನಸ್ಸಾದರೆ, ಕಚ್ಚಲು ಒಂದು ಕಡ್ಡಿಯಿಲ್ಲ ಎಂದು ನಿಂತುಹೋಗಬಾರದಲ್ಲ."

ದಳವಾಯಿ ಬಗ್ಗಿ ಗರಿಕೆಯನ್ನು ಮುಟ್ಟಿ ನೋಡಿದ. "ಮತ್ತೆ ಸಂಜೆ ಸಂಜೆ ಗಂಟಲು ಹರಿಯುವಂತೆ ಕೂಗುತ್ತೀರಲ್ಲ, ಅದೇನು?" ಎಂದ.

"ತಾವು ಹಾಗೆ ಗುಡುಗಿ ಕೇಳಿದರೆ ನಾವಿನ್ನೇನು ಹೇಳುವುದು? ತಮ್ಮ ಮನಸ್ಸಿಗೆ ನೋವಾದೀತು ಎಂದು ಕೂಗಿದೆವು."

ದಳವಾಯಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮೊದಲು ನಗು ಬಂತು, ನಗುತ್ತಿದ್ದಂತೆಯೇ ಅಳು ಬಂತು. "ಪುಣ್ಯಾತ್ಮರಾ, ನಿನ್ನೆ ಹೇಳಿದ್ದರೆ ಕಹಳೆಯವನು ಬದುಕುತ್ತಿದ್ದನಲ್ಲೋ," ಎಂದ. ನಿನ್ನೆಯೂ ಗುಡುಗಿ ಕೇಳಿದವನು ತಾನೇ ಎಂಬುದು ನೆನಪಾಗಿ ತಲೆ ತಗ್ಗಿಸಿದ.

ಕೋಟೆಯ ಬಾಗಿಲು ತೆರೆಯಿತು. ದಳವಾಯಿ ಗರಿಕೆ ಕಚ್ಚಿಕೊಂಡು ಇಳಿದ. ಇಕ್ಕೆಲದಲ್ಲಿ ನಿಂತ ಸೈನಿಕರು ಉಗಿಯಲಿಲ್ಲ, ಕೈಮುಗಿದರು. ಕೆಳಗಿನಿಂದ ಅವನ ಭಾವ ಓಡಿ ಬಂದು ಬಾಯಿಂದ ಕಡ್ಡಿ ಕಿತ್ತೆಸೆದು ತಬ್ಬಿಕೊಂಡ. "ಎಷ್ಟು ಸತಾಯಿಸಿದೆಯೋ ಮಾರಾಯ! ನಿನ್ನ ಹೆಣ ಹೊತ್ತು ಹೋದರೆ ನಿನ್ನಕ್ಕ ನನ್ನನ್ನು ಮನೆಗೆ ಸೇರಿಸುತ್ತಿದ್ದಳೇ?"

ಗೆದ್ದವರು ಭೇರಿ ಬಾರಿಸುವುದನ್ನೇ ಮರೆತರು. ಗುರಾಣಿಗಳನ್ನು ಬಿಸಾಕಿ, ಉಸ್ಸೆಂದು ನೆಲಕ್ಕೆ ಕೂತರು. ಹಂಡೆಗಳಲ್ಲಿ ಅಂಬಲಿ ಬಂತು. ಗರಡಿಯ ಗೆಳೆಯರು ಒಬ್ಬರನ್ನೊಬ್ಬರು ಗುರುತು ಹಿಡಿದು, ಬೈದುಕೊಂಡು, ಒಂದೇ ಬಟ್ಟಲಲ್ಲಿ ಕುಡಿದರು. ಕುದುರೆಗಳು ಇಳಿಜಾರಿನ ಹುಲ್ಲಿಗೆ ಬಾಯಿ ಹಾಕಿದವು, ಮತ್ತೆ ತಲೆ ಎತ್ತಲಿಲ್ಲ. ದಳವಾಯಿಗೆ ಹೆಗಲ ಮೇಲಿನ ಹೊರೆ ಇಳಿಸಿದ ಹಾಗಾಯಿತು. ಅಂಬಲಿ ಕುಡಿದು, ಗಾಡಿಯ ಚಕ್ರಕ್ಕೆ ಒರಗಿ, ಎಲ್ಲರೆದುರು ಗೊರಕೆ ಹೊಡೆದು ಮಲಗಿದ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ಒಪ್ಪಲಿಲ್ಲ. "ಆ ಸೈನಿಕರ ಮಾತು ಬೇರೆ, ಗುರುಗಳೇ. ನನ್ನ ಮನೆಯವರು ಹಾಗಲ್ಲ. ತಮ್ಮನೊಡನೆ ರಾಜಿಯಾಗು ಎಂದು ಒಬ್ಬರೂ ಹೇಳಿಲ್ಲ. ಬೇಡ ಬೇಡ ಎಂದೇ ಹೇಳುತ್ತಾರೆ."

"ನಿನ್ನ ಮುಂದೆ ತಾನೇ?" ಎಂದರು ಗುರುಗಳು.

ಶಂಭುಲಿಂಗ ಗುರುಗಳಿಗೆ ಕೈಮುಗಿದು ಎದ್ದ. ಮನೆಯವರನ್ನು ಈ ಸಲ ಮೆತ್ತಗೆ ಕೇಳಿ ನೋಡಲು ಹೊರಟ.