ಇಬ್ಬರು ತಾರಿಣಿಯರು

ಒಂದೇ ವರ್ಷ ಎರಡು ಕಡಲುಗಳಲ್ಲಿ ಎರಡು ಚಂಡಮಾರುತಗಳು ಎದ್ದವು. ಆಯಾ ಕಡಲಿನ ಹವಾಮಾನ ಕಚೇರಿಯವರು ತಂತಮ್ಮ ಹೆಸರುಗಳ ಪಟ್ಟಿ ನೋಡಿ ಎರಡಕ್ಕೂ ತಾರಿಣಿ ಎಂದೇ ಹೆಸರಿಟ್ಟರು. ಪೂರ್ವದ ತಾರಿಣಿ ಮೂರು ಊರುಗಳನ್ನು ಮುಳುಗಿಸಿ ತಣ್ಣಗಾದಳು. ಪಶ್ಚಿಮದ ತಾರಿಣಿ ನಾಲ್ಕು ಹನಿ ಉದುರಿಸಿ, ದಡಕ್ಕೆ ಬೆನ್ನು ಹಾಕಿ, ನಡುಗಡಲಲ್ಲಿ ಕರಗಲು ಹೊರಟಿದ್ದಳು. ಆಗ ಎರಡೂ ಕಡಲು ಸುತ್ತುವ ಕಡಲಹಕ್ಕಿ ಎದುರಾಯಿತು.

"ನಿನ್ನ ಹೆಸರಿನವಳಿಗೆ ಎಂಥಾ ಮರ್ಯಾದೆ ಗೊತ್ತೇನೇ? ಊರು ಮುಳುಗಿಸಿದ್ದಕ್ಕೆ ಅವಳ ಹೆಸರನ್ನು ಪಟ್ಟಿಯಿಂದಲೇ ತೆಗೆದರು. ಆ ಕಡಲಲ್ಲಿ ಇನ್ನು ಯಾರಿಗೂ ಅದನ್ನು ಇಡುವಂತಿಲ್ಲ."

"ನನ್ನ ಹೆಸರು?"

"ನಿನ್ನದಾ? ಆರು ವರ್ಷ ಕಳೆದರೆ ಇನ್ಯಾವುದೋ ಗಾಳಿಗೆ ಇಡುತ್ತಾರೆ. ನೀನು ಬಂದಿದ್ದೇ ಯಾರಿಗೂ ನೆನಪಿರುವುದಿಲ್ಲ, ಬಿಡು," ಎಂದು ಹಕ್ಕಿ ನಕ್ಕಿತು.

ತಾರಿಣಿ ನಿಂತು ಕೇಳಿದಳು, "ಹತ್ತಿರದ ಬಂದರು ಯಾವ ಕಡೆಗಿದೆ?"

ಹಕ್ಕಿಯ ನಗು ನಿಂತಿತು. ಅದರ ಗೂಡು ಇದ್ದದ್ದು ಆ ಬಂದರಿನ ದೀಪಸ್ತಂಭದ ಬುಡದಲ್ಲೇ. "ತಮಾಷೆಗೆ ಅಂದೆ ಕಣಮ್ಮ, ತಾಯಿ," ಎನ್ನುತ್ತಾ ಅದು ಗೂಡಿನತ್ತ ಹಾರಿತು. ತಾರಿಣಿ ಅದರ ಹಿಂದೆಯೇ ಹೋದಳು.

ಆ ವರ್ಷ ಎರಡನೆಯ ಪಟ್ಟಿಯಿಂದಲೂ ತಾರಿಣಿಯ ಹೆಸರು ತೆಗೆದರು. ಗೂಡಿನೊಂದಿಗೆ ಕೊಚ್ಚಿಹೋದ ಹಕ್ಕಿಮರಿಗಳು ಮೂರು; ಅವಕ್ಕೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ.