ಎರಡನೇ ಗಡಿಗೆ

ಈ ಕಥೆಯನ್ನು ನನಗೆ ಮೊದಲು ಹೇಳಿದ್ದು ಸೋದರತ್ತೆ ಚಂಪಕಾ. ಮದುವೆಯೂಟದಲ್ಲಿ, ಮತ್ತೊಮ್ಮೆ ಹೋಳಿಗೆ ತಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದುಕೊಂಡು.

ನದಿಯ ಮೇಲೆ ಕಡಿದಾದ ಬಂಡೆ. ಬಂಡೆಯ ನೆತ್ತಿಯಲ್ಲಿ ಆಶ್ರಮ. ವರ್ಷಕ್ಕೊಮ್ಮೆ ಒಬ್ಬ ಶಿಷ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಬಂಡೆಗಂಟಿದ ಹೆಜ್ಜೇನಿನ ಹುಟ್ಟು ಕೊಯ್ದು ಒಂದು ಗಡಿಗೆ ತುಂಬಿಸಿ ತರಬೇಕು. ಮೇಲೆ ಹಗ್ಗ ಕಾಯುವವನು ಮಾತ್ರ ಜೇನು ತಿನ್ನುವಂತಿಲ್ಲ. ಪಾಲಿನ ಆಸೆಯಿದ್ದರೆ ‘ಸಾಕು, ಬಾ’ ಎಂದು ಕೂಗುವುದು ತಡವಾದೀತು ಎಂದು ಆ ಕಟ್ಟಳೆ.

ಆ ವರ್ಷ ಹಗ್ಗ ಕಾದವರು ಗುರು ಅಡವಯ್ಯ. ಇಳಿದವನು ಶಂಭುಲಿಂಗ, ಒಂದಲ್ಲ, ಎರಡು ಗಡಿಗೆ ಕಟ್ಟಿಕೊಂಡು.

ಮೊದಲನೆಯದು ತುಂಬಿತು. ಬಂಡೆಯ ಅಂಚಿಗೆ ಉಜ್ಜಿ ಉಜ್ಜಿ ಹಗ್ಗದ ಒಂದು ಎಳೆ ಕಡಿದುಹೋಯಿತು.

“ಹಗ್ಗ ಸವೀತಿದೆ. ಸಾಕು, ಬಾರಯ್ಯ!”

“ಇದೊಂದು ಹುಟ್ಟು, ಗುರುಗಳೇ!”

“ಯಾರಿಗೆ?”

“ಆಶ್ರಮಕ್ಕೆ!”

“ಅದು ಮೊದಲನೇ ಗಡಿಗೆಯಲ್ಲಿದೆ.”

“ಔಷಧಕ್ಕೆ!”

“ಹೋದ ವರ್ಷದ್ದೇ ಉಳಿದಿದೆ.”

“ಬಂದು ಹೋಗುವ ಭಕ್ತರಿಗೆ!”

“ಕೇಳಿದ್ದಾರೇನು?”

ಕೆಳಗೆ ಕತ್ತಿಯ ಸದ್ದು ನಿಲ್ಲಲಿಲ್ಲ. ಇನ್ನೊಂದು ಎಳೆ ಹೋಯಿತು. ಶಂಭುಲಿಂಗ ಗೇಣುದ್ದ ಜಾರಿದ. ಕಾಲು ಬಂಡೆಯಿಂದ ತಪ್ಪಿ, ನದಿಯ ಮೇಲೆ ತೂಗಾಡತೊಡಗಿದ.

“ಎಳೀರಿ, ಗುರುಗಳೇ!”

“ಇಷ್ಟು ಭಾರ ತಡೆಯಲ್ಲ. ಎರಡನೇ ಗಡಿಗೆ ಬಿಡು.”

“ಆಗಲ್ಲ!”

“ಅದು ಯಾರಿಗೋ?”

ಮತ್ತೊಂದು ಎಳೆ ಚಟ್ಟೆಂದಿತು.

“ನನಗೆ! ಹೋದ ವರ್ಷ ಇಳಿದ ಚನ್ನವೀರ ಒಂದೇ ತಂದಿದ್ದು! ಎರಡು ಯಾರೂ ತಂದಿಲ್ಲ!”

ಕೂಗುತ್ತಲೇ ಗಡಿಗೆಯ ದಾರ ಕೊಯ್ದ. ಅದು ನೀರಿಗೆ ಬಿದ್ದ ಸದ್ದು ಮೇಲೆ ಬರಲು ಹೊತ್ತು ಹಿಡಿಯಿತು.

ಕಾಲಿಗೆ ಬಂಡೆ ಸಿಕ್ಕಿತು. ಅವನು ಹತ್ತಿದ, ಗುರುಗಳು ಎಳೆದುಕೊಂಡರು. ಮೇಲೆ ಬಂದವನು ಬೋರಲು ಬಿದ್ದ. ಕೈಯಲ್ಲಿ, ಕೆನ್ನೆಯಲ್ಲಿ ಹೆಜ್ಜೇನು ಕಡಿದ ಬಾವು.

“ಇನ್ನು ಈ ಜನ್ಮದಲ್ಲಿ ಜೇನು ಮುಟ್ಟಲ್ಲ, ಗುರುಗಳೇ. ಒಂದು ಹನಿಯೂ ಇಲ್ಲ. ಬೇಕಾದರೆ ಆ ಚನ್ನವೀರ ತಿನ್ನಲಿ.”

“ಓಹೋ. ಇದರಲ್ಲೂ ಅವನನ್ನು ಸೋಲಿಸಬೇಕೇನು?”

ಗುರುಗಳು ಮುತ್ತುಗದ ಎಲೆಯ ಮೇಲೆ ಒಂದು ಚೂರು ಹುಟ್ಟು ಇಟ್ಟು ಅವನ ಮುಂದೆ ಚಾಚಿದರು.

“ನಾನಂತೂ ತಿನ್ನುವ ಹಾಗಿಲ್ಲ. ನೀನು ತಿನ್ನು, ನಿಧಾನಕ್ಕೆ. ಹೇಗಿತ್ತು ಅಂತ ಮುಂದಿನ ವರ್ಷ ಇಳಿಯುವವನಿಗೆ ಹೇಳು.”